ಮೊತೊ, ಬತೊ, ಮಿತೊ: ಲಿಂಗಾಲಾ ಟೋನ್ ಕಾರ್ಡುಗಳ ಕೆಲಸದ ಟಿಪ್ಪಣಿ

ಮೊದಲ ಕಟ್ಟು ಮುಗಿಯಿತು. 40 ಕಾರ್ಡು. ಒಂದು ಮಗ್ಗುಲಲ್ಲಿ ಏಕವಚನ, ಇನ್ನೊಂದರಲ್ಲಿ ಬಹುವಚನ. ಎರಡೂ ಕಡೆ ಪದದ ಕೆಳಗೆ ಒಂದು ಗೆರೆ. ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಅಂತ ಆ ಗೆರೆ ತೋರಿಸುತ್ತದೆ. ಅದಕ್ಕೆ ಜೊತೆಯಾಗಿ ಫೋನಿನಲ್ಲಿ ಧ್ವನಿ ಫೈಲುಗಳಿವೆ. ಎರಡನೇ ಕಟ್ಟು ಟ್ಶಿಲುಬಾ ಭಾಷೆಯದು. ಅದು ಅರ್ಧಕ್ಕೆ ನಿಂತಿದೆ. ಯಾಕೆ ನಿಂತಿತು ಅಂತ ಕೊನೆಯಲ್ಲಿ ಬರೆದಿದ್ದೇನೆ.

ನಾನಿರುವುದು ಆಫ್ರಿಕಾದ ಕಾಂಗೋ ದೇಶದ ಕಿನ್ಶಾಸಾದಲ್ಲಿ. ಆಫೀಸಿನ ಕಾಗದಪತ್ರವೆಲ್ಲ ಫ್ರೆಂಚ್, ಬೀದಿಯಲ್ಲಿ ಲಿಂಗಾಲಾ. ಲಿಂಗಾಲಾ ಬಾಂಟು ಗುಂಪಿನ ಭಾಷೆ. ನಮ್ಮ 'ಗಳು' ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಇಲ್ಲಿ ಬಹುವಚನಕ್ಕೆ ಬದಲಾಗುವುದು ಪದದ ಮೊದಲ ತುಂಡು. ಮನುಷ್ಯ 'ಮೊತೊ', ಮನುಷ್ಯರು 'ಬತೊ'. ತಲೆಯೂ 'ಮೊತೊ'ವೇ, ತಲೆಗಳು 'ಮಿತೊ'. ಏಕವಚನದಲ್ಲಿ ಈ ಎರಡನ್ನು ಬೇರೆ ಮಾಡುವುದು ಟೋನ್, ಅಂದರೆ ದನಿಯ ಏರಿಳಿತ ಮಾತ್ರ. ಮನುಷ್ಯ ಅನ್ನುವಾಗ ಎರಡು ಅಕ್ಷರವೂ ತಗ್ಗಿನಲ್ಲಿರುತ್ತವೆ. ತಲೆ ಅನ್ನುವಾಗ ಎರಡನೆಯದು ಎತ್ತರಕ್ಕೆ ಹೋಗುತ್ತದೆ. ದಿನನಿತ್ಯದ ಬರಹದಲ್ಲಿ ಟೋನಿಗೆ ಗುರುತು ಹಾಕುವುದಿಲ್ಲ. ಹಾಗಾಗಿ ಓದಿ ಕಲಿಯುವವನಿಗೆ ಇದು ಕಾಣುವುದೇ ಇಲ್ಲ.

ಬಹುವಚನದಲ್ಲಿ ಯಾರೂ ಎಡವುವುದಿಲ್ಲ, ಏಕವಚನದಲ್ಲಿ ಎಡವುತ್ತಾರೆ. ಹಾಗಾದರೆ ಎರಡನ್ನೂ ಒಂದೇ ಕಾರ್ಡಿನಲ್ಲಿ ಕಟ್ಟಿಹಾಕಿದರೆ ಹೇಗೆ ಅನ್ನುವುದೇ ಈ ಕೆಲಸದ ಮೂಲ.

ಸಾಮಾನು ಮತ್ತು ಖರ್ಚು

ಯುಎಸ್‌ಬಿ ಮೈಕ್ 40 ಡಾಲರ್. ದಪ್ಪ ಕಾಗದ ಮತ್ತು ಬಣ್ಣದ ಪ್ರಿಂಟ್ 18. ಲ್ಯಾಮಿನೇಶನ್ 10. ದನಿ ಕೊಟ್ಟ ಇಬ್ಬರಿಗೆ ತಲಾ 10 ಡಾಲರಿನ ಫೋನ್ ರೀಚಾರ್ಜ್. ಒಟ್ಟು 88 ಡಾಲರ್. ಲ್ಯಾಪ್‌ಟಾಪ್ ಮತ್ತು ಎರಡು ರಜಾಯಿ ಮನೆಯಲ್ಲೇ ಇದ್ದವು. ಮೈಕ್ ಸ್ಟ್ಯಾಂಡ್ ಕೊಳ್ಳಲಿಲ್ಲ. ಹಳೆ ಲೆಡ್ಜರ್ ಪುಸ್ತಕಗಳನ್ನು ಪೇರಿಸಿದರೆ ಬಾಯಿಯ ಎತ್ತರಕ್ಕೆ ಸರಿಯಾಗಿ ಬರುತ್ತದೆ.

ಶ್ರುತಿ ಅಳೆಯಲು ಪ್ರಾಟ್ ಎಂಬ ಸಾಫ್ಟ್‌ವೇರ್. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೀನಿಂಕ್ ಮಾಡಿದ್ದು. ದುಡ್ಡಿಲ್ಲ. ನೋಡಲು ತೊಂಬತ್ತರ ದಶಕದ ಕಂಪ್ಯೂಟರಿನಂತಿದೆ, ಆದರೆ ಕೆಲಸ ಪಕ್ಕಾ.

ದನಿ ಕೊಟ್ಟವರು: ಆಫೀಸಿನ ಡ್ರೈವರ್, ಕಿನ್ಶಾಸಾದಲ್ಲೇ ಹುಟ್ಟಿ ಬೆಳೆದವರು. ನನಗಿಂತ ದೊಡ್ಡವರು, ಆದ್ದರಿಂದ ನನಗೆ ಅವರು ಯಾಯಾ, ಅವರಿಗೆ ನಾನು ಲೆಕಿ. ಇಲ್ಲಿನ ಅಣ್ಣ–ತಮ್ಮ ಲೆಕ್ಕ. ಇನ್ನೊಬ್ಬರು ಬೀದಿ ತಿರುವಿನಲ್ಲಿ ಮಿಕತೆ ಕರಿಯುವ ಮಾಮಾ. ಮಾಮಾ ಅಂದರೆ ಇಲ್ಲಿ ಅಮ್ಮ. ಮಿಕತೆ ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳು. ಅದೂ ಬಹುವಚನವೇ, ಒಂದಕ್ಕೆ ಮೊಕತೆ. ಒಂದೇ ಒಂದನ್ನು ಕೊಳ್ಳುವವರನ್ನು ನಾನಂತೂ ನೋಡಿಲ್ಲ, ಏಕವಚನ ಕೇಳಲು ಮಾಮಾನಿಗೇ ದುಂಬಾಲು ಬೀಳಬೇಕಾಯಿತು.

ಹಂತ 1: ಪಟ್ಟಿ ಬರೆಯುವುದು

ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡೆ. ಎತ್ತರದ ಟೋನ್ ಕೇಳಿದ ಕಡೆ ಕೈ ತಾನಾಗಿಯೇ ದೀರ್ಘ ಹಾಕಿತು. ತಲೆ 'ಮೊತೋ', ಕೈ 'ಲೊಬೋಕೊ'. ನಮ್ಮ ಕಿವಿಗೆ ಬಲ ಬೇರೆ ಬಾಲ ಬೇರೆ. ಒಂದು ಅಕ್ಷರ ಎದ್ದು ಕೇಳಿದರೆ ಅದು ಉದ್ದವೇ ಇರಬೇಕು ಅಂತ ತೀರ್ಮಾನಿಸಿಬಿಡುತ್ತದೆ. ಲಿಂಗಾಲಾದಲ್ಲಿ ಹ್ರಸ್ವ–ದೀರ್ಘದಿಂದ ಅರ್ಥ ಬದಲಾಗುವುದಿಲ್ಲ. ನಾನು ಎಳೆದು ಹೇಳಿದ 'ಮೊತೋ' ಕೇಳಿ ಯಾಯಾ, "ಯಾರನ್ನೋ ದೂರದಿಂದ ಕರೆಯುತ್ತಿದ್ದೀಯಾ?" ಅಂದರು. ಪಟ್ಟಿಯ ದೀರ್ಘಗಳನ್ನೆಲ್ಲ ಅಳಿಸಿದೆ.

ಮುಂದಿನ ಉಪಾಯ ವೇದದ ಪುಸ್ತಕಗಳ ಸ್ವರ ಗುರುತು. ಅಕ್ಷರದ ಮೇಲೆ ನಿಂತ ಗೆರೆ, ಕೆಳಗೆ ಮಲಗಿದ ಗೆರೆ. ಕನ್ನಡ ಲಿಪಿಯಲ್ಲಿ ಅಚ್ಚಾದ ವೇದಪಾಠಗಳಲ್ಲಿ ಇವು ಇವೆ, ಯುನಿಕೋಡಿನಲ್ಲೂ ಇವೆ. ಎರಡು ತೊಂದರೆ ಬಂತು. ಪ್ರಿಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಗೆರೆ ಇರಬೇಕಾದ ಕಡೆ ಚುಕ್ಕಿ ವೃತ್ತ ಕುಳಿತಿತು. ಅದಕ್ಕಿಂತ ಮುಖ್ಯವಾದದ್ದು, ಋಗ್ವೇದದ ಪದ್ಧತಿಯಲ್ಲಿ ಮೇಲಿನ ಗೆರೆ ಸ್ವರಿತ ಅನ್ನುವ ಬೇರೆ ಸ್ವರಕ್ಕೆ, ಎತ್ತರದ ಸ್ವರವಾದ ಉದಾತ್ತಕ್ಕೆ ಗುರುತೇ ಇಲ್ಲ. ವೇದ ಕಲಿತವರು ಈ ಕಾರ್ಡು ನೋಡಿದರೆ ತಪ್ಪಾಗಿಯೇ ಓದುತ್ತಾರೆ.

ಕೊನೆಗೆ ಸರಳ ದಾರಿ ಹಿಡಿದೆ. ತಗ್ಗಿಗೆ 'ಕೆ', ಎತ್ತರಕ್ಕೆ 'ಮೇ'. ಕೆಳಗೆ, ಮೇಲೆ, ಅಷ್ಟೇ. ಮನುಷ್ಯ: ಮೊತೊ, ಕೆ-ಕೆ. ತಲೆ: ಮೊತೊ, ಕೆ-ಮೇ. ಯಾವ ಫಾಂಟಿನಲ್ಲೂ ಒಡೆಯುವುದಿಲ್ಲ.

ಹಂತ 2: ಧ್ವನಿ ಹಿಡಿಯುವುದು

44,100 ಹರ್ಟ್ಸ್, 16 ಬಿಟ್, ಒಂದೇ ಚಾನೆಲ್, ವೇವ್ ಫೈಲ್. ನಿಮಿಷಕ್ಕೆ 5 ಎಂಬಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಅದು ದೊಡ್ಡ ವಿಷಯವಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ ಅಂತ ಹೇಳುವುದಿಲ್ಲ. ಆದರೆ ಅದರಲ್ಲಿ ಗದ್ದಲ ಕಡಿಮೆ ಮಾಡುವ ಸೌಲಭ್ಯ ಇದ್ದರೆ ಮೊದಲು ಆರಿಸಿ. ಮೆಲ್ಲಗೆ ಹೇಳಿದ ಕೊನೆಯ ಅಕ್ಷರವನ್ನೇ ಅದು ಗದ್ದಲ ಅಂದುಕೊಂಡು ನುಂಗಿಬಿಡುತ್ತದೆ.

ಮೊದಲ ಸುತ್ತಿನ ರೆಕಾರ್ಡಿಂಗ್ ಪೂರ್ತಿ ಕಸದ ಬುಟ್ಟಿಗೆ ಹೋಯಿತು. ಕರೆಂಟು ಹೋಗಿತ್ತು, ಪಕ್ಕದ ಕಾಂಪೌಂಡಿನಲ್ಲಿ ಜನರೇಟರ್ ಓಡುತ್ತಿತ್ತು. ಕಿವಿಗೆ ಅಷ್ಟೇನೂ ಅನಿಸಲಿಲ್ಲ. ಪ್ರಾಟ್‌ನಲ್ಲಿ ತೆರೆದಾಗ, ಯಾಯಾ ಬಾಯಿ ಮುಚ್ಚಿಕೊಂಡಿದ್ದ ಜಾಗದಲ್ಲೂ 100 ಹರ್ಟ್ಸ್ ಹತ್ತಿರ ಒಂದು ನೀಟಾದ ಗೆರೆ. ಇಲ್ಲಿನ ಕರೆಂಟು 50 ಹರ್ಟ್ಸ್, ಅದರ ದುಪ್ಪಟ್ಟಿನಲ್ಲಿ ಗುಂಯ್‌ಗುಡುವ ಸದ್ದು 100ಕ್ಕೆ ಬರುತ್ತದೆ. ಯಾಯಾನ ತಗ್ಗು ದನಿಯೂ ಅಲ್ಲೇ ಸುತ್ತಮುತ್ತ. ಯಾವುದು ಮನುಷ್ಯ, ಯಾವುದು ಜನರೇಟರ್ ಅಂತ ಸಾಫ್ಟ್‌ವೇರಿಗೆ ಗೊತ್ತಾಗುವುದು ಹೇಗೆ?

ಪರಿಹಾರ: ಬೆಳಗಿನ ಹೊತ್ತು, ಜನರೇಟರ್ ಶುರುವಾಗುವ ಮೊದಲು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ. ಫ್ಯಾನ್ ಬಂದ್. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಕುರ್ಚಿ, ಬೆನ್ನ ಹಿಂದೆ ರಜಾಯಿ. ಬಾಯಿಂದ ಮೈಕ್‌ಗೆ ಒಂದು ಗೇಣು, ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ. ಸೆಕೆ ವಿಪರೀತ. ಮಾಮಾ ಹಣೆ ಒರೆಸಿಕೊಳ್ಳುತ್ತಾ ನನ್ನ ಬಾಣಲೆ ಮುಂದೆಯೇ ಇದಕ್ಕಿಂತ ತಂಪು ಅಂದರು.

ಹಂತ 3: ಪ್ರಾಟ್ ಸೆಟ್ಟಿಂಗ್

ಶ್ರುತಿಯ ಕೆಳಮಿತಿ, ಮೇಲ್ಮಿತಿ ಸರಿಯಾಗಿ ಇಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಗಂಡಸಿನ ದನಿಗೆ 75ರಿಂದ 300 ಹರ್ಟ್ಸ್, ಹೆಂಗಸಿನ ದನಿಗೆ 100ರಿಂದ 500. ಯಾಯಾನ ಫೈಲಿಗೆ 500 ಇಟ್ಟಾಗ ಗೆರೆ ಅಲ್ಲಲ್ಲಿ ದುಪ್ಪಟ್ಟು ಎತ್ತರಕ್ಕೆ ನೆಗೆಯಿತು. ಅದನ್ನು ಎತ್ತರದ ಟೋನ್ ಅಂತ ನಂಬಿದರೆ ಕತೆ ಮುಗಿಯಿತು. ಪಕ್ಕದ ಅಕ್ಷರಕ್ಕಿಂತ ಸರಿಯಾಗಿ ಎರಡು ಪಟ್ಟು ಅಥವಾ ಅರ್ಧ ಬಂದರೆ ಅದು ಟೋನ್ ಅಲ್ಲ, ಲೆಕ್ಕದ ಜಾರುವಿಕೆ.

ಕೆಳಮಿತಿ 75 ಇದ್ದರೆ ಪ್ರಾಟ್ ಒಂದು ಸಲಕ್ಕೆ 40 ಮಿಲಿಸೆಕೆಂಡಿನ ಚೂರನ್ನು ನೋಡುತ್ತದೆ. ಗಡಿಬಿಡಿಯಲ್ಲಿ ಹೇಳಿದ ಚಿಕ್ಕ ಸ್ವರಕ್ಕೆ ಅದು ಉದ್ದವಾಗುತ್ತದೆ, ಪಕ್ಕದ ವ್ಯಂಜನವೂ ಸೇರಿಕೊಳ್ಳುತ್ತದೆ. ಅದಕ್ಕೇ ಪ್ರತಿ ಅಕ್ಷರದ ಸ್ವರದ ನಟ್ಟ ನಡುವೆ ಮಾತ್ರ ಅಳತೆ ತೆಗೆದೆ. ತುದಿಗಳನ್ನು ಮುಟ್ಟಲಿಲ್ಲ.

ಹಂತ 4: ಸುಂದರವಾದ ಸುಳ್ಳು ಫಲಿತಾಂಶ

ಈ ಹಂತದ ಬಗ್ಗೆ ಉದ್ದವಾಗಿಯೇ ಬರೆಯುತ್ತೇನೆ. ಇದೇ ಕೆಲಸ ಮಾಡಹೊರಟವರು ಬೇರೆಲ್ಲ ಬಿಟ್ಟರೂ ಇದನ್ನು ಓದಲಿ.

ಪಟ್ಟಿಯಲ್ಲಿ ಜೋಡಿಗಳನ್ನು ಸಹಜವಾಗಿ ಬರೆದಿದ್ದೆ. ಮ್ವನ, ಬನ: ಮಗು, ಮಕ್ಕಳು. ಮ್ವಸಿ, ಬಸಿ: ಹೆಂಗಸು, ಹೆಂಗಸರು. ಮೊಬಲಿ, ಮಿಬಲಿ: ಗಂಡಸು, ಗಂಡಸರು. ಎಲೊಕೊ, ಬಿಲೊಕೊ: ವಸ್ತು, ವಸ್ತುಗಳು. ಲೊಬೊಕೊ, ಮಬೊಕೊ: ಕೈ, ಕೈಗಳು. ಇಬ್ಬರೂ ಇದೇ ಕ್ರಮದಲ್ಲಿ ಓದಿದರು. ಅಳೆದರೆ ಬಹುವಚನ ಪ್ರತಿ ಜೋಡಿಯಲ್ಲೂ ತಗ್ಗು. ಒಂದೆರಡು ಕಡೆ ಅಲ್ಲ, ಎಲ್ಲ ಕಡೆ. ಲಿಂಗಾಲಾದಲ್ಲಿ ಬಹುವಚನಕ್ಕೆ ಟೋನ್ ಇಳಿಯುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ.

ಅನುಮಾನ ಬಂದದ್ದು 'ಮಿತೊ'ದಿಂದ. ತಲೆಯ ಎರಡನೇ ಅಕ್ಷರ ಎತ್ತರ ಅನ್ನುವುದು ಗೊತ್ತಿದ್ದ ವಿಷಯ. ಮಿತೊದಲ್ಲಿ ಅದು ಹತ್ತಿರ ಹತ್ತಿರ ತಗ್ಗಿಗೆ ಬಂದಿತ್ತು. ಆದರೆ ರೆಕಾರ್ಡಿಂಗ್ ಕೇಳಿಸಿದರೆ ಯಾಯಾನಿಗೆ ಏನೂ ವಿಚಿತ್ರ ಅನಿಸಲಿಲ್ಲ. ಸರಿಯಾಗಿದೆ ಲೆಕಿ, ನಾನೇ ಹೇಳಿದ್ದಲ್ವಾ ಅಂದರು.

ಪಟ್ಟಿಯನ್ನು ತಿರುಗಿಸಿದೆ. ಮೊದಲು ಬಹುವಚನ, ಆಮೇಲೆ ಏಕವಚನ. ಈಗ ತಗ್ಗಿದ್ದು ಏಕವಚನ!

ಜೋಡಿಯಾಗಿ ಓದುವಾಗ ಯಾರೇ ಆದರೂ ಮೊದಲನೆಯದನ್ನು ಎತ್ತಿ, ಎರಡನೆಯದನ್ನು ಇಳಿಸಿ ಮುಗಿಸುತ್ತಾರೆ. ನಾವೂ ಅಷ್ಟೇ. ಮರ, ಮರಗಳು ಅಂತ ಜೋರಾಗಿ ಓದಿ ನೋಡಿ. ಅದರ ಮೇಲೆ ಮಾತಿನ ಕಟ್ಟಕಡೆಯ ಅಕ್ಷರ ಇನ್ನಷ್ಟು ಕುಸಿಯುತ್ತದೆ. ನಾನು ಅಳೆದದ್ದು ಬಹುವಚನವನ್ನಲ್ಲ, ಪಟ್ಟಿಯ ಎರಡನೇ ಕಾಲಮ್ಮನ್ನು.

ಹಂತ 5: ಚೌಕಟ್ಟು ವಾಕ್ಯ

ಎಲ್ಲ ಪದಗಳನ್ನೂ ಒಂದೇ ವಾಕ್ಯದೊಳಗೆ ಕೂರಿಸಿದೆ. 'ನಲೊಬಿ ... ಲಿಸುಸು', ಅಂದರೆ ನಾನು ಮತ್ತೆ ... ಅಂದೆ. ಪದದ ಹಿಂದೆ ಮುಂದೆ ಯಾವಾಗಲೂ ಅದೇ ಟೋನ್, ಪದ ಎಂದೂ ವಾಕ್ಯದ ಕೊನೆಗೆ ಬರುವುದಿಲ್ಲ. ಚೀಟಿಗಳಲ್ಲಿ ಬರೆದು ಕಲೆಸಿದೆ. ಒಂದು ಜೋಡಿಯ ಎರಡು ಚೀಟಿ ಅಕ್ಕಪಕ್ಕ ಬಂದರೆ ಒಂದನ್ನು ತೆಗೆದು ಕೆಳಗೆ ಹಾಕುವುದು. ಮೊದಲ ಮತ್ತು ಕೊನೆಯ ಕೆಲವು ಚೀಟಿಗಳು ಸುಮ್ನೆ ತುಂಬಿಸಿದ್ದವು, ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಓದಲು ಕೂತಾಗ ಹುರುಪು, ಮುಗಿಯುವಾಗ ಸುಸ್ತು, ಎರಡೂ ದನಿಯಲ್ಲಿ ಕಾಣುತ್ತವೆ.

ಚೌಕಟ್ಟಿನಲ್ಲಿ ಕೂರಿಸಿದ ಮೇಲೆ ಚಿತ್ರ ಒಂದೇ ಸಲಕ್ಕೆ ತಿಳಿಯಾಯಿತು. ಪದದ ಬುಡ ತನ್ನ ಟೋನನ್ನು ಬಿಟ್ಟುಕೊಡುವುದಿಲ್ಲ. ಲೊಬೊಕೊ ಕೆ-ಮೇ-ಕೆ, ಮಬೊಕೊ ಕೆ-ಮೇ-ಕೆ. ಎಲೊಕೊ, ಬಿಲೊಕೊ ಹಾಗೆಯೇ. ಮೊಬಲಿ, ಮಿಬಲಿ ಹಾಗೆಯೇ. ಮೊದಲ ತುಂಡು ಮೊ ಆಗಲಿ, ಬ, ಮಿ, ಲೊ, ಮ, ಎ, ಬಿ ಯಾವುದೇ ಆಗಲಿ, ತಗ್ಗು. ಬದಲಾಗುವ ತುಂಡಿಗೆ ಟೋನ್ ಇಲ್ಲದಂತೆ, ಬದಲಾಗದ ತುಂಡಿಗೆ ಟೋನ್ ಅಂಟಿದಂತೆ.

ಬೆಲ್ಜಿಯಂನ ವಿದ್ವಾಂಸ ಮ್ಯೂಸೆನ್ 1967ರಲ್ಲಿ ಈ ಗುಂಪಿನ ತಾಯಿ ಭಾಷೆಯಾದ ಮೂಲ ಬಾಂಟುವಿನ ವ್ಯಾಕರಣವನ್ನು ಮರಳಿ ಕಟ್ಟುವಾಗ ನಾಮಪದದ ಮೊದಲ ತುಂಡುಗಳಿಗೆ ತಗ್ಗು ಟೋನನ್ನೇ ಇಟ್ಟಿದ್ದಾರೆ. ಮೊದಲೇ ಇದನ್ನು ನೋಡಿದ್ದರೆ ಹಂತ 4ರ ಎರಡು ಗೆರೆ ಎಳೆಯುವುದು ತಪ್ಪುತ್ತಿತ್ತು.

ಎರಡು ಜೋಡಿ ಮಾತ್ರ ಬೇರೆ ಥರ ಕಂಡವು. ಮ್ವನ, ಬನ ಜೋಡಿಯಲ್ಲಿ ಮೊದಲ ಅಕ್ಷರವೇ ಎತ್ತರ: ಮೇ-ಕೆ. ಮ್ವಸಿ, ಬಸಿ ಎರಡೂ ಮೇ-ಮೇ. ಇವುಗಳ ಬುಡ ಸ್ವರದಿಂದ ಶುರುವಾಗುತ್ತದೆ. ಮೊ ಮತ್ತು ಅನ ಸೇರಿ ಮ್ವನ, ಬ ಮತ್ತು ಅನ ಸೇರಿ ಬನ. ಸಂಧಿಯಲ್ಲಿ ಮೊದಲ ತುಂಡು ತನ್ನ ಸ್ವರ ಕಳೆದುಕೊಂಡಿತು, ಅದರ ಜೊತೆಗೆ ತಗ್ಗು ಟೋನೂ ಹೋಯಿತು. ಉಳಿದದ್ದು ಬುಡದ ಎತ್ತರ. ಕಾರ್ಡಿನಲ್ಲಿ ಇವಕ್ಕೆ ಬೇರೆ ಬಣ್ಣ ಕೊಟ್ಟಿದ್ದೇನೆ.

ಹಂತ 6: ಹರ್ಟ್ಸ್ ಬಿಟ್ಟು ಸೆಮಿಟೋನ್

ಇಬ್ಬರ ಗೆರೆಯನ್ನೂ ಒಂದೇ ಕಾರ್ಡಿನಲ್ಲಿ ಹಾಕಲು ಹೋದಾಗ ಮಾಮಾನ ಏರಿಳಿತ ಯಾಯಾನದರ ಎರಡರಷ್ಟು ಕಂಡಿತು. ಹರ್ಟ್ಸಿನ ತೊಂದರೆ ಇದು. 120ರಿಂದ 144ಕ್ಕೆ ಏರಿದರೆ ವ್ಯತ್ಯಾಸ 24, 200ರಿಂದ 240ಕ್ಕೆ ಏರಿದರೆ 40. ಆದರೆ ಕಿವಿಗೆ ಎರಡೂ ಒಂದೇ ಏರಿಕೆ, ಸುಮಾರು 3.2 ಸೆಮಿಟೋನ್. ಸೆಮಿಟೋನ್ ಅಂದರೆ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ. ಅದನ್ನು ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಮನೆಗಳನ್ನು ಎಣಿಸಿದರಾಯಿತು. ಪ್ರಾಟ್‌ನಲ್ಲೇ ಸೆಮಿಟೋನಿಗೆ ಬದಲಾಯಿಸಬಹುದು. ಬದಲಾಯಿಸಿದ ಮೇಲೆ ಇಬ್ಬರ ಗೆರೆಯೂ ಒಂದರ ಮೇಲೊಂದು ಕೂತವು. ಎತ್ತರ–ತಗ್ಗಿನ ನಡುವೆ ಇಬ್ಬರಲ್ಲೂ 3ರಿಂದ 4 ಸೆಮಿಟೋನ್.

ಒಂದು ಚಿಕ್ಕ ತಕರಾರು ಉಳಿಯಿತು. ಮಿಬಲಿಯ 'ಮಿ', ಮೊಬಲಿಯ 'ಮೊ'ಗಿಂತ ಚೂರು ಮೇಲೆ. ಅರ್ಧ ಸೆಮಿಟೋನಿಗೂ ಕಡಿಮೆ, ಆದರೆ ಪ್ರತಿ ಸಲವೂ. ಇದು ಟೋನ್ ಅಲ್ಲ. ಇ, ಉ ಸ್ವರಗಳು ಯಾವ ಭಾಷೆಯಲ್ಲಾದರೂ ಅ, ಒ ಸ್ವರಗಳಿಗಿಂತ ತುಸು ಮೇಲಿನ ಶ್ರುತಿಯಲ್ಲಿ ಬರುತ್ತವೆ. ಹಾಗೆಯೇ ಬ, ದ, ಗ ಆದ ಮೇಲೆ ಶ್ರುತಿ ಸ್ವಲ್ಪ ಕೆಳಗೆ, ಪ, ತ, ಕ ಆದ ಮೇಲೆ ಸ್ವಲ್ಪ ಮೇಲೆ. ಏಕವಚನದಿಂದ ಬಹುವಚನಕ್ಕೆ ಹೋಗುವಾಗ ಸ್ವರವೂ ವ್ಯಂಜನವೂ ಬದಲಾಗುವುದರಿಂದ ಈ ಪುಡಿ ವ್ಯತ್ಯಾಸ ಬಂದೇ ಬರುತ್ತದೆ. ಒಂದು ಸೆಮಿಟೋನಿನೊಳಗಿನದ್ದನ್ನು ಕಾರ್ಡಿನ ಗೆರೆಯಲ್ಲಿ ಸಮ ಮಾಡಿಬಿಟ್ಟೆ.

ಜೊಹಾನ್ಸ್‌ಬರ್ಗ್‌ನಲ್ಲಿರುವ ಗೆಳೆಯ ಝುಲುವಿಗೂ ಇಂಥದ್ದೇ ಕಾರ್ಡು ಬೇಕು ಅನ್ನುತ್ತಿದ್ದಾನೆ. ಅಲ್ಲಿ ಹೀಗೆ ಸಮ ಮಾಡಲು ಹೋಗಬೇಡ ಅಂತ ಹೇಳಿದ್ದೇನೆ. ಶಾಲೆ ಇಸಿಕೊಲೆ, ಶಾಲೆಗಳು ಇಝಿಕೊಲೆ. ಝುಲುವಿನಲ್ಲಿ ಝ ಥರದ ಕೆಲವು ವ್ಯಂಜನಗಳು ಶ್ರುತಿಯನ್ನು ಗಟ್ಟಿಯಾಗಿ ಕೆಳಗೆ ಎಳೆಯುತ್ತವೆ, ಎತ್ತರದ ಟೋನ್ ಎಲ್ಲಿ ಕೂರಬೇಕು ಅನ್ನುವುದರ ಮೇಲೂ ಕೈಯಾಡಿಸುತ್ತವೆ. ಸ ಆ ಗುಂಪಿನಲ್ಲಿಲ್ಲ. ಅಲ್ಲಿ ಬಹುವಚನದ ಗೆರೆ ನಿಜವಾಗಿಯೂ ಬೇರೆಯಾಗಬಹುದು. ಸ್ವಾಹಿಲಿಗಾದರೆ ಈ ಕೆಲಸವೇ ಬೇಡ. ಅದು ಬಾಂಟುವೇ, ಆದರೆ ಟೋನ್ ಬಿಟ್ಟುಕೊಟ್ಟಿದೆ. ಮ್ತು, ವತು ಎಲ್ಲಕ್ಕೂ ಕೊನೆಯಿಂದ ಎರಡನೇ ಅಕ್ಷರಕ್ಕೆ ಒತ್ತು, ಮುಗೀತು.

ಹಂತ 7: ಕುರುಡು ಪರೀಕ್ಷೆ

ಗೆರೆ ಸರಿ ಇದ್ದರೆ ಸಾಲದು, ಕಿವಿಯೂ ಒಪ್ಪಬೇಕು. ಚೌಕಟ್ಟು ವಾಕ್ಯಗಳಿಂದ ಎರಡೂ 'ಮೊತೊ'ಗಳನ್ನು ಕತ್ತರಿಸಿ ತೆಗೆದೆ, ಕಲೆಸಿದೆ. ಮಾಮಾನ ದನಿಯನ್ನು ಯಾಯಾನಿಗೆ, ಯಾಯಾನದನ್ನು ಮಾಮಾನಿಗೆ ಕೇಳಿಸಿದೆ. ಮನುಷ್ಯ ಅನಿಸಿದರೆ ನನ್ನನ್ನು ತೋರಿಸುವುದು, ತಲೆ ಅನಿಸಿದರೆ ತಮ್ಮ ತಲೆ ಮುಟ್ಟಿಕೊಳ್ಳುವುದು. ತಡವರಿಸಿದ್ದು ಕತ್ತರಿ ತೀರಾ ಒಳಗೆ ಬಿದ್ದ ಒಂದೆರಡು ತುಣುಕುಗಳಲ್ಲಿ ಮಾತ್ರ. ಅವನ್ನು ಮತ್ತೆ ಕತ್ತರಿಸಿದೆ.

ಬೆಂಕಿಗೂ 'ಮೊತೊ' ಅಂತಲೇ ಬರೆಯುತ್ತಾರೆ. ಟೋನ್ ಮೇ-ಕೆ. ಮೂರು ಮೊತೊಗಳ ಒಂದು ಕಾರ್ಡು ಮಾಡುವ ಆಸೆ ಇತ್ತು. ಕೈಬಿಟ್ಟೆ. ಬೆಂಕಿಯ ಒ ಬಾಯಿ ಅಗಲಿಸಿ ಹೇಳುವ ಒ. ಟೋನ್ ಕೇಳದವರೂ ಸ್ವರದಿಂದಲೇ ಕಂಡುಹಿಡಿಯುತ್ತಾರೆ, ಪರೀಕ್ಷೆ ಸುಳ್ಳಾಗುತ್ತದೆ.

ಮನುಷ್ಯ ಮತ್ತು ತಲೆ ಹೀಗೆ ಡಿಕ್ಕಿ ಹೊಡೆದದ್ದು ಲಿಂಗಾಲಾದಲ್ಲಿ. ರುವಾಂಡಾದ ಬಾಂಟು ಭಾಷೆ ಕಿನ್ಯರ್ವಾಂಡಾದಲ್ಲಿ ಮನುಷ್ಯ ಉಮುಂತು, ತಲೆ ಉಮುತ್ವೆ. ಅಕ್ಷರಗಳೇ ಬೇರೆ, ಗೊಂದಲವಿಲ್ಲ. ಲಿಂಗಾಲಾದಲ್ಲಿ ಒಂದರ ನಕಾರ ಸವೆಯಿತು, ಇನ್ನೊಂದರ ಬಾಲ ಸವೆಯಿತು. ಟೋನ್ ಮಾತ್ರ ಸವೆಯಲಿಲ್ಲ.

ಹಂತ 8: ಮನೆಯ ಕಾರ್ಡು

ಮನೆಗೆ ನ್ಡಕೊ, ಮೇ-ಕೆ. ಪುಸ್ತಕದ ಲಿಂಗಾಲಾದಲ್ಲಿ ಏಕವಚನಕ್ಕೂ ಬಹುವಚನಕ್ಕೂ ಅದೇ ರೂಪ. ಅಂಥ ಪದಗಳಿಗೆ ಕಾರ್ಡಿನ ಎರಡೂ ಮಗ್ಗುಲು ಒಂದೇ ಆಗಿಬಿಡುತ್ತವೆ. ಯಾಯಾನಿಗೆ ತೋರಿಸಿದೆ. ಇದು ಪಾದ್ರಿಗಳ ಲಿಂಗಾಲಾ, ನಾವು ಬನ್ಡಕೊ ಅನ್ನುತ್ತೇವೆ ಅಂದರು. ಕಿನ್ಶಾಸಾದಲ್ಲಿ 'ಬ' ಅನ್ನುವುದನ್ನು ಇಡೀ ಪದದ ಮುಂದೆ ಸೇರಿಸಿಬಿಡುತ್ತಾರೆ. ಅಳೆದು ನೋಡಿದೆ: ಬನ್ಡಕೊ ಕೆ-ಮೇ-ಕೆ. ಹೊಸ 'ಬ' ಕೂಡ ತಗ್ಗಿನಲ್ಲೇ ಬಂದು ಕೂತಿದೆ, ಮನೆಯ ಎತ್ತರ ಅಲ್ಲಾಡಿಲ್ಲ. ನಾನು ಮಾತಾಡುವುದು ಬೀದಿಯಲ್ಲಿ, ಆದ್ದರಿಂದ ಕಾರ್ಡಿನಲ್ಲಿ ಬೀದಿಯ ರೂಪ ದೊಡ್ಡದಾಗಿ, ಪುಸ್ತಕದ್ದು ಚಿಕ್ಕದಾಗಿ.

ಪ್ರಿಂಟ್ ಬಗ್ಗೆ ಒಂದೇ ಮಾತು: ಹೊಳಪಿನ ಲ್ಯಾಮಿನೇಶನ್ ಬೇಡ. ಟ್ಯೂಬ್‌ಲೈಟ್ ಕೆಳಗೆ ಗೆರೆ ಕಾಣುವುದಿಲ್ಲ. ಮ್ಯಾಟ್ ಕೇಳಿ.

ಎಲ್ಲಿ ನಿಂತಿದೆ

ಟ್ಶಿಲುಬಾ ಕಸಾಯಿ ಪ್ರಾಂತದ ಭಾಷೆ, ಕಿನ್ಶಾಸಾದಲ್ಲೂ ಆಡುವವರು ಬಹಳ. ಲಿಂಗಾಲಾ ಕಾರ್ಡಿನ ಬುಡಗಳನ್ನೇ ಇಟ್ಟುಕೊಂಡು ಮೊದಲ ತುಂಡು ಬದಲಾಯಿಸಿದರೆ ಅರ್ಧ ಕೆಲಸ ತಪ್ಪುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಆ ಭಾಷೆಯಲ್ಲಿ ಟೋನ್ ತಲೆಕೆಳಗಾಗಿದೆ. ಮೂಲ ಬಾಂಟುವಿನ ಎತ್ತರ ಅಲ್ಲಿ ತಗ್ಗು, ತಗ್ಗು ಅಲ್ಲಿ ಎತ್ತರ. ಕೆ, ಮೇ ಅದಲುಬದಲು ಮಾಡಿದರೆ ಸಾಕಲ್ವಾ ಅಂತ ಒಂದು ಸಂಜೆ ಕೂತು ಎಲ್ಲ ತಿರುಗಿಸಿಯೂ ಬಿಟ್ಟೆ. ಟ್ಶಿಲುಬಾ ಆಡುವ ಪಕ್ಕದ ಮನೆಯ ಪಾಪಾ, ಅಂದರೆ ಹಿರಿಯರೊಬ್ಬರು, ಓದಿ ನೋಡಿ, ಕೆಲವಕ್ಕೆ ತಲೆಯಾಡಿಸಿದರು, ಕೆಲವಕ್ಕೆ ನಕ್ಕರು. ಯಾವುದಕ್ಕೆ ಯಾಕೆ ನಕ್ಕರು ಅಂತ ತಿಳಿಯಲು ಮತ್ತೆ ಹಂತ 2ರಿಂದಲೇ ಶುರು ಮಾಡಬೇಕು.

ಅವರಿಗೆ ಒಗ್ಗುವ ಚೌಕಟ್ಟು ವಾಕ್ಯ ಇನ್ನೂ ಸಿಕ್ಕಿಲ್ಲ. ನಾನು ಕಟ್ಟಿಕೊಟ್ಟದ್ದನ್ನು ಹೀಗೆ ಯಾರೂ ಹೇಳುವುದಿಲ್ಲ ಅಂತ ಪಕ್ಕಕ್ಕಿಟ್ಟರು, ತಾವೇ ಒಂದು ಯೋಚಿಸಿ ಹೇಳುತ್ತಾರಂತೆ. ಖಾಲಿ ಕಾಗದ 25 ಹಾಳೆ ಉಳಿದಿದೆ.